ಗಂಧದ ಕೋಠಿಯೂ ಬಚ್ಚಲ ಒಲೆಯೂ

ಶಿವಮೊಗ್ಗೆಯ ದುರ್ಗಿಗುಡಿಯೆಂದರೆ ಇಂದಿನವರಿಗೆ ಮೊದಲು ನೆನಪಾಗುವುದು ವೈದ್ಯರ ಹೆಸರುಹಲಗೆಗಳೂ ಔಷಧದ ಅಂಗಡಿಗಳೂ ಒತ್ತೊತ್ತಾಗಿ ನಿಂತಿರುವ ಬೀದಿಯೇ ಹೊರತು ಆ ಬೀದಿಗೆ ಹೆಸರನ್ನಿತ್ತ ದೇವಿಯ ಗುಡಿಯಲ್ಲ. ಅಲ್ಲಿಂದ ಹಳೆಯ ಪೇಟೆಯ ಕಡೆಗೆ ನಡೆದುಹೋಗಿ, ಬಜೆ, ಲಾವಂಚ, ಕಚೋರ, ಕಸ್ತೂರಿ ಅರಿಶಿನ, ಸೀಗೆ, ಅಂಟುವಾಳಗಳ ಮಿಶ್ರಗಂಧವನ್ನು ಬೀದಿಗೆ ಚೆಲ್ಲುವ ಗ್ರಂಧಿಗೆ ಅಂಗಡಿಯ ಮುಂದೆ ನಿಂತವನಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಪರರಿಂದ ಚೀಟಿ ಬರೆಸಿಕೊಂಡು ಕೊಳ್ಳುವ ಮದ್ದು ಒಂದು ಬಗೆ, ಕೊಳ್ಳುವವಳು ತಾನೇ ಹೆಸರು ಹೇಳಿ, ಮೂಸಿ, ಹಳತೋ ಹೊಸತೋ ಎಂದು ನಿರ್ಣಯಿಸಿ ಕೊಳ್ಳುವ ಮದ್ದು ಇನ್ನೊಂದು ಬಗೆ. ಮಲೆನಾಡಿನ ಗಂಧದ್ರವ್ಯಗಳ ಇತಿಹಾಸವೆಲ್ಲ ಈ ಎರಡು ಬಗೆಗಳ ನಡುವೆ, ಎಂದರೆ ಅಧಿಕಾರದ ಕೈಗೆ ಹೋದ ಪರಿಮಳ ಮತ್ತು ಮನೆಯ ಹೆಂಗಸಿನ ಕೈಯಲ್ಲಿ ಉಳಿದ ಪರಿಮಳ ಇವೆರಡರ ನಡುವೆ ಹರಿದು ಬಂದಿದೆಯೆಂಬುದು ನನ್ನ ಅಭಿಪ್ರಾಯ.

ಈ ಸೀಮೆಗೆ ಔಷಧಿಯ ಪರಿಚಯ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ವೇದಶಾಸ್ತ್ರಗಳ ವ್ಯಾಸಂಗವನ್ನು ಹೇಳುವುದರೊಂದಿಗೆ, ಅನಾಥರಾದ ರೋಗಿಗಳಿಗೆ ಔಷಧೋಪಚಾರ ದೊರೆಯುತ್ತಿದ್ದ ಸ್ಥಾನವೂ ಅದೇ ಎಂಬುದನ್ನು ಮರೆಯದೆ ಹೇಳುತ್ತದೆ. ಅದಕ್ಕೂ ಹಿಂದೆ, ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ, ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ನೀರು ಕಾಣುವ ವಿದ್ಯೆ, ವೃಕ್ಷಾಯುರ್ವೇದ, ಪಾಕಶಾಸ್ತ್ರಗಳ ಜೊತೆಯಲ್ಲಿಯೇ ಸುಗಂಧದ್ರವ್ಯಗಳನ್ನು ಕೂಡಿಸುವ ಕ್ರಮಕ್ಕೂ ಎಡೆಗೊಟ್ಟಿತು. ಅದೇ ವಂಶದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನೂ ವಿಲೇಪನವನ್ನೂ ರಾಜಭೋಗಗಳೆಂದು ಎಣಿಸಿ ವಿಸ್ತರಿಸಿದನು; ಶತಮಾನಗಳ ತರುವಾಯ ಅಂಥದೇ ವಿಶ್ವಕೋಶವೊಂದನ್ನು, ‘ಶಿವತತ್ತ್ವರತ್ನಾಕರ’ವೆಂಬ ಹೆಸರಿನಲ್ಲಿ, ಕೆಳದಿಯ ಬಸವಪ್ಪ ನಾಯಕನು ಸಂಸ್ಕೃತದಲ್ಲಿ ಬರೆದನು. ಅರಸರ ಗ್ರಂಥಗಳಲ್ಲಿ ಎಣ್ಣೆ ತಿಕ್ಕುವವರು ಬೇರೆ, ತಿಕ್ಕಿಸಿಕೊಳ್ಳುವವರು ಬೇರೆ. ಚಾವುಂಡರಾಯನದಾದರೋ ಕನ್ನಡ ಬಲ್ಲ ಗೃಹಸ್ಥನು ತನ್ನ ಕೈಯಿಂದಲೇ ಮಾಡಿಕೊಳ್ಳಲೆಂದು ಹೇಳಿದ ಮಾತು; ಆದಕಾರಣ ಈ ಮೂರರಲ್ಲಿ ನನಗೆ ಅದರ ಮೇಲೆಯೇ ಹೆಚ್ಚಿನ ಆದರ.

ಗ್ರಂಥಗಳ ಮಾತು ಅಷ್ಟಕ್ಕಿರಲಿ. ಮಲೆನಾಡಿನ ಮನೆಗಳಲ್ಲಿ ಈ ವಿದ್ಯೆಯ ಪಾಠಶಾಲೆ ಬಚ್ಚಲಾಗಿತ್ತು. ಕೊಬ್ಬರಿ ಎಣ್ಣೆಗೆ ಗರುಗದ ಸೊಪ್ಪಿನ ರಸ, ಒಂದೆಲಗ, ನೆಲ್ಲಿ, ಕರಿಬೇವು, ಮದರಂಗಿ, ದಾಸವಾಳ ಇವುಗಳಲ್ಲಿ ಕಾಲಕ್ಕೂ ಮೈಗೂ ಒಗ್ಗುವಷ್ಟನ್ನು ಸೇರಿಸಿ ಕಾಯಿಸುವ ತಲೆಯೆಣ್ಣೆ. ಮತ್ತಿಯ ಸೊಪ್ಪನ್ನೋ ದಾಸವಾಳದ ಎಲೆಯನ್ನೋ ನೀರಿನಲ್ಲಿ ಕಿವುಚಿ ತೆಗೆದು ತಲೆಗೆ ಹಚ್ಚುವ ಗೊಂಪು. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಸವರುವ ಮುರುಗಲ ತುಪ್ಪ. ಸಾಣೆಕಲ್ಲಿನ ಮೇಲೆ ತೇಯ್ದು ಕೂಸಿಗೆ ನೆಕ್ಕಿಸುವ ಬಜೆ. ಇವಾವುವೂ ಪೇಟೆಯಿಂದ ಬರುವ ಸಿದ್ಧವಸ್ತುಗಳಾಗಿರಲಿಲ್ಲ. ಎಣ್ಣೆಯನ್ನು ಕಾಯಿಸುವುದು ಹೊರಗಿನಿಂದ ನೋಡುವವನಿಗೆ ಸುಲಭವೆಂದು ತೋರಿದರೂ ಅದರ ಹದವನ್ನು ಅರಿಯುವುದು ಸುಲಭವಲ್ಲ. ಸೊಪ್ಪಿನ ರಸದಲ್ಲಿರುವ ನೀರು ಪೂರ್ತಿಯಾಗಿ ಆರಬೇಕು, ಆರದಿದ್ದರೆ ಎಣ್ಣೆ ಕೆಲವೇ ದಿನಗಳಲ್ಲಿ ಮುಗ್ಗುತ್ತದೆ. ಆರಿದ ಮೇಲೂ ಒಲೆಯ ಮೇಲೆಯೇ ಬಿಟ್ಟರೆ ಗುಣವೆಲ್ಲ ಸೀದು ಹೋಗುತ್ತದೆ. ಆಯುರ್ವೇದವು ಇದನ್ನು ಮೃದು, ಮಧ್ಯ, ಖರ ಎಂದು ಮೂರು ಪಾಕಗಳಾಗಿ ವಿಂಗಡಿಸಿ, ತಳದಲ್ಲಿ ಉಳಿದ ಕಲ್ಕವನ್ನು ಬತ್ತಿಯಾಗಿ ಹೊಸೆದು ಬೆಂಕಿಗೆ ಹಿಡಿದಾಗ ಚಟಚಟ ಸದ್ದಾಗದಿದ್ದರೆ ನೀರು ಆರಿತೆಂದು ತಿಳಿಯಬೇಕೆಂದೂ, ತುಪ್ಪವು ಹದಕ್ಕೆ ಬಂದಾಗ ನೊರೆಯಡಗಿದರೆ ಎಣ್ಣೆಯು ಹದಕ್ಕೆ ಬಂದಾಗ ನೊರೆಯೇಳುವುದೆಂದೂ ವಿಧಿಸಿದೆ. ಈ ಸೂತ್ರವನ್ನು ಓದದ ಅಜ್ಜಿಯರೂ ಒಲೆಯ ಮುಂದೆ ಕುಳಿತು ಕಿವಿಯಿಂದಲೇ ಪಾಕವನ್ನು ಅಳೆಯುತ್ತಿದ್ದರು. ಶಾಸ್ತ್ರವು ಅವರಿಂದ ಕಲಿಯಿತೋ, ಅವರು ಶಾಸ್ತ್ರದಿಂದ ಕಲಿತರೋ ಎಂಬ ವಾದಕ್ಕೆ ಇಳಿಯುವುದು ವ್ಯರ್ಥ.

ಈ ವಿದ್ಯೆಗೆ ಒಂದು ಬಗೆಯ ಅಧಿಕಾರವೂ ಇತ್ತು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರನ್ನು ಎರೆದು, ಸಾಂಬ್ರಾಣಿಯ ಹೊಗೆ ಹಿಡಿಸುವ ಹೆಂಗಸು ಬಹುಮಟ್ಟಿಗೆ ಬಡವರ ಮನೆಯವಳಾಗಿದ್ದರೂ, ಆ ಕೆಲವು ವಾರಗಳ ಮಟ್ಟಿಗೆ ಅತ್ತೆಯಾದವಳು ಕೂಡ ಅವಳ ಮಾತನ್ನು ಮೀರುವಂತಿರಲಿಲ್ಲ. ಹಾಗೆಂದು ಹಳೆಯದನ್ನೆಲ್ಲ ಹೊಗಳಿ ಕೂರುವುದೂ ಯುಕ್ತವಲ್ಲ. ಬಾಣಂತಿಗೆ ಬಾಯಾರಿದರೂ ಕುಡಿಯಲು ನೀರು ಕೊಡದೆ, ಗಾಳಿಯಾಡದ ಕತ್ತಲೆಯ ಕೋಣೆಯಲ್ಲಿ ಹೊಗೆಯ ನಡುವೆ ಇರಿಸುತ್ತಿದ್ದ ಪದ್ಧತಿಯೂ ಅದೇ ಸಂಪ್ರದಾಯದ್ದು. ಅದು ಬಿಟ್ಟುಹೋದುದು ಒಳ್ಳೆಯದೇ ಆಯಿತು.

ಆದರೆ ಮಲೆನಾಡಿನ ಪರಿಮಳಗಳಿಗೆಲ್ಲ ಅರಸಾದ ಶ್ರೀಗಂಧ ಮಾತ್ರ ಈ ಬಚ್ಚಲಿಗೆ ತೈಲರೂಪದಲ್ಲಿ ಬಂದುದೇ ಇಲ್ಲ. ದೇವರಿಗೆಂದು, ಹಣೆಗೆಂದು, ಬೆವರುಸಾಲೆಗೆಂದು ಕೊರಡೊಂದನ್ನು ತೇಯುವ ಭಾಗ್ಯವಷ್ಟೇ ಮನೆಯದು, ಮರವೆಲ್ಲ ದೊರೆಯದು. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಅವನ ಅನಂತರ ಬಂದ ಮೈಸೂರು ಸಂಸ್ಥಾನವೂ, ಸಂಸ್ಥಾನದ ಅನಂತರ ಬಂದ ಸರಕಾರವೂ ಆ ಹಕ್ಕನ್ನು ಕೈಬಿಡಲಿಲ್ಲ. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಮರವೂ ಅವನದಾಗಿರಲಿಲ್ಲ. ಕಾದುದಕ್ಕೆ ಒಂದಷ್ಟು ಪ್ರತಿಫಲ, ಕಳುವಾದರೆ ವಿಚಾರಣೆ. ಇದರ ಫಲವಾಗಿ ಗಂಧದ ಸಸಿಯನ್ನು ಕಂಡಕೂಡಲೆ ಕಿತ್ತೊಗೆದು ನಿಶ್ಚಿಂತನಾಗುವುದೇ ಜಾಣತನವೆಂದು ರೈತನು ಭಾವಿಸಿದ್ದರೆ ಅವನನ್ನು ದೂರುವಂತಿಲ್ಲ.

ಸರಕಾರದ ಗಂಧವು ಕೋಠಿಗೆ, ಎಂದರೆ ಗಂಧದ ಉಗ್ರಾಣಕ್ಕೆ, ಬರುತ್ತಿತ್ತು. ಎಣ್ಣೆಯ ಅಂಶ ಬೇರಿನಲ್ಲಿಯೇ ಅಧಿಕವಾದ್ದರಿಂದ ಈ ಮರವನ್ನು ಕಡಿಯದೆ ಬೇರುಸಹಿತ ಕೀಳುವುದು ವಾಡಿಕೆ. ಹೊರಗಿನ ವಾಸನೆಯಿಲ್ಲದ ಬಿಳಿಯ ಮರವನ್ನು ಕೆತ್ತಿ ತೆಗೆದು, ಚೇಗನ್ನು ತೂಕ, ಗಾತ್ರ, ದೋಷಗಳಿಗೆ ಅನುಸಾರವಾಗಿ 18 ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ವಿಲಾಯತ್ ಬುದ್ಧ, ಚೀನಾ ಬುದ್ಧ, ಪಂಜಂ ಎಂದು ಮೊದಲಾಗಿ, ಚೂರು ಚೆಕ್ಕೆಗಳ ಚಿಲ್ಟಾ, ಬುಕ್ನಿಗಳವರೆಗೆ ಇಳಿಯುವ ಆ ಹೆಸರುಗಳಲ್ಲಿ ಕನ್ನಡದ ಸುಳಿವು ಅಪರೂಪ. ನಮ್ಮ ಕಾಡಿನ ಮರಕ್ಕೆ ದೂರದೇಶದ ಗಿರಾಕಿಗಳನ್ನು ನೋಡಿಯೇ ನಾಮಕರಣವಾದಂತಿದೆ. ಸಾಗರ, ಸೊರಬಗಳ ಗುಡಿಗಾರರು ಕೆತ್ತನೆಗೆ ಪಡೆಯುತ್ತಿದ್ದುದು ಅದರಲ್ಲಿ ಒಂದು ಪಾಲು ಮಾತ್ರ.

ಆ ಗಿರಾಕಿಗಳಲ್ಲಿ ಮುಖ್ಯನಾದವನು ಜರ್ಮನಿಯವನು. ನಮ್ಮ ಕೊರಡು ಅಲ್ಲಿ ಎಣ್ಣೆಯಾಗುತ್ತಿತ್ತು. ಪರಿಮಳಕ್ಕೆ ಎಷ್ಟೋ ಅಷ್ಟೇ ಔಷಧಕ್ಕೂ ಅದು ಬೇಕಾಗಿತ್ತು. ಗೊನೋರಿಯಾ ಎಂಬ ಗುಹ್ಯರೋಗಕ್ಕೆ ಯೂರೋಪಿನ ವೈದ್ಯರು ಆಗ ಕೊಡುತ್ತಿದ್ದ ಮದ್ದುಗಳಲ್ಲಿ ಗಂಧದೆಣ್ಣೆಯ ಗುಳಿಗೆಯೂ ಒಂದು. 1914ರಲ್ಲಿ ಯುದ್ಧ ಹತ್ತಿಕೊಂಡು ಆ ದಾರಿ ಮುಚ್ಚಿತು, ಕೋಠಿಗಳಲ್ಲಿ ಮರ ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೂ ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಅವರೂ ಆ ಸಂಕಟವನ್ನೇ ಅವಕಾಶವಾಗಿ ಮಾರ್ಪಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಜ್ಞರು ಬಟ್ಟಿಯಿಳಿಸುವ ಕ್ರಮವನ್ನು ಸಾಧಿಸಿ ಕೊಡಲು, 1916ರಲ್ಲಿ ಬೆಂಗಳೂರಿನಲ್ಲಿಯೂ ಅದರ ಬೆನ್ನಿಗೇ ಮೈಸೂರಿನಲ್ಲಿಯೂ ಎಣ್ಣೆಯ ತಯಾರಿಕೆ ತೊಡಗಿತು. 1918ರಲ್ಲಿ ಸಾಬೂನಿನ ಕಾರ್ಖಾನೆಯೂ ಬಂದಿತು. ಇಂಗ್ಲೆಂಡಿನಲ್ಲಿ ಸಾಬೂನಿನ ತಾಂತ್ರಿಕತೆಯನ್ನು ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳ ಶ್ರಮದಿಂದ ಮೈಸೂರಿನ ಗಂಧವು ಕಟ್ಟಕಡೆಗೆ ಬಚ್ಚಲನ್ನು ಪ್ರವೇಶಿಸಿತು, ಆದರೆ ಡಬ್ಬಿಯೊಳಗೆ ಕುಳಿತು, ಶರಭದ ಮುದ್ರೆಯನ್ನು ಹೊತ್ತು, ಬೆಲೆಗೆ.

ಶಿವಮೊಗ್ಗೆಯ ನೆರೆಯಲ್ಲಿಯೂ ಆ ಕಾಲದಲ್ಲಿ ಕಾಡಿನ ಮರ ಬಟ್ಟಿಗೆ ಬಿದ್ದಿತು. ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯಲ್ಲಿ 1923ರಿಂದ ಉತ್ಪಾದನೆಗೆ ತೊಡಗಿದ ಸಂಸ್ಥಾನದ ಕಾರ್ಖಾನೆಯನ್ನು ನಾವೀಗ ಕಬ್ಬಿಣದ್ದೆಂದಷ್ಟೇ ನೆನೆಯುತ್ತೇವೆ. ಮರದ ಬಟ್ಟಿಯೂ ಅದರ ಅಂಗವೇ ಆಗಿತ್ತು, ಕುಲುಮೆಗೆ ಬೇಕಾದ ಇದ್ದಿಲಿನ ಜೊತೆಗೆ ಮರದ ಮದ್ಯಸಾರವೂ ಡಾಂಬರೂ ಅಲ್ಲಿ ಇಳಿಯುತ್ತಿದ್ದವು. ಶಿವಮೊಗ್ಗೆಗೆ ಗಂಧದೆಣ್ಣೆಯ ಕಾರ್ಖಾನೆ ಬಂದುದು 1944ರಲ್ಲಿ. ಪುಡಿಮಾಡಿದ ಚೇಗಿನ ಮೂಲಕ ದಿನಗಟ್ಟಲೆ ಹಬೆ ಹಾಯಿಸಿದರೆ ಮರದ ತೂಕದ ನೂರರಲ್ಲಿ ನಾಲ್ಕೈದು ಪಾಲಿನಷ್ಟು ತೈಲ ದೊರೆಯುವುದು. ಅದರ ಬಹುಭಾಗವೆಲ್ಲ ಸ್ಯಾಂಟಲಾಲ್ ಎಂಬ ವಸ್ತು. ಕಾಲದ ವಿನೋದವೆಂದರೆ, ಈ ಕಾರ್ಖಾನೆ ತೆರೆಯುವುದಕ್ಕೂ, ಪೆನಿಸಿಲಿನ್ನು ಬಂದು ಗಂಧದೆಣ್ಣೆಯ ಗುಳಿಗೆಯನ್ನು ಪಾಶ್ಚಾತ್ಯ ವೈದ್ಯದಿಂದ ಹೊರದೂಡುವುದಕ್ಕೂ ಸರಿಹೋಯಿತು. ಔಷಧವೆಂಬ ಅರ್ಧ ಗೌರವ ಕಳೆದುಹೋಗಿ, ಅತ್ತರು, ಸಾಬೂನು, ಊದುಬತ್ತಿಗಳ ಪರಿಮಳವೆಂಬ ಅರ್ಧವೇ ಅದಕ್ಕೆ ಉಳಿಯಿತು. 1980ರಲ್ಲಿ ಎಣ್ಣೆ ಸಾಬೂನುಗಳ ಸರಕಾರೀ ಕಾರ್ಖಾನೆಗಳೆಲ್ಲ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತದಲ್ಲಿ ಸೇರಿದವು. ಅಷ್ಟರಲ್ಲಿ ಕಳ್ಳಸಾಗಣೆಯೂ, 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲ್ಪಟ್ಟ ಸ್ಪೈಕ್ ರೋಗವೂ ಕಾಡನ್ನು ಬರಿದುಮಾಡುತ್ತ ಬಂದಿದ್ದವು.

ಮನೆಯ ಎಣ್ಣೆಗೆ ಅಂಥ ಗತಿ ಬರಲಿಲ್ಲ. ಗರುಗವನ್ನೂ ಒಂದೆಲಗವನ್ನೂ ಯಾವ ದೊರೆಯೂ ತನ್ನದೆಂದು ಸಾರಲಿಲ್ಲವಾಗಿ ಅವು ಗದ್ದೆಯ ಅಂಚಿನಲ್ಲಿ ಬೆಳೆದುಕೊಂಡೇ ಇದ್ದವು. ಈಚೆಗೆ ಸ್ತ್ರೀಶಕ್ತಿ ಸಂಘಗಳ ಹೆಂಗಸರು ಅಜ್ಜಿಯ ತಲೆಯೆಣ್ಣೆಯನ್ನೇ ಕಾಯಿಸಿ, ಸೀಸೆಗೆ ತುಂಬಿ, ಮೇಳಗಳಲ್ಲಿ ಮಾರಿ ನಾಲ್ಕು ಕಾಸು ಕಾಣುತ್ತಿರುವುದು ಆ ಅಲಕ್ಷ್ಯದಿಂದಲೇ ಸಾಧ್ಯವಾದುದು. ಗಂಧದ ವಿಷಯದಲ್ಲಿ ಸರಕಾರಕ್ಕೆ ಬುದ್ಧಿ ಬರಲು 2001ರ ತನಕ ಕಾಯಬೇಕಾಯಿತು: ಆ ವರ್ಷ ಅರಣ್ಯದ ಕಾಯಿದೆಯನ್ನು ತಿದ್ದಿ, ಖಾಸಗಿ ಭೂಮಿಯಲ್ಲಿ ಬೆಳೆದ ಗಂಧದ ಮರಕ್ಕೆ ಭೂಮಿಯ ಒಡೆಯನೇ ಒಡೆಯನೆಂದು ಒಪ್ಪಿಕೊಂಡರು, ಮಾರಾಟದ ಮೇಲಿನ ಹತೋಟಿಯನ್ನು ಮಾತ್ರ ಬಿಡಲಿಲ್ಲ. ನೆರೆಯ ಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿ ಆಹಾರವನ್ನು ಹೀರುವ ಸಸ್ಯವಾದ್ದರಿಂದ, ಈಗ ಗಂಧವನ್ನು ನೆಡುವವರು ಮೊದಲ ವರ್ಷಗಳಲ್ಲಿ ಅದರ ಪಕ್ಕದಲ್ಲಿ ತೊಗರಿಯನ್ನು ಬಿತ್ತುತ್ತಾರೆ. ಚೇಗು ಬಲಿಯುವುದಕ್ಕೆ ಹದಿನೈದು ವರ್ಷಗಳಾದರೂ ಬೇಕು, ಅಲ್ಲಿಯವರೆಗೆ ರಾತ್ರಿಯ ಕಾವಲು ಒಡೆಯನದೇ.