ಜಾಂಬೂರಿನ ಹೀರಾಬಾಯಿ ಲೋಬಿ: ಸಿದ್ದಿ ಮಹಿಳೆಯರ ಮುಂದಾಳು

ಅಡಾಜಣ್ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ನೆಲೆಸಿರುವ ನಮಗೆ ಸಚಿನ್ ಎಂದೊಡನೆ ನೆನಪಾಗುವುದು ಅಲ್ಲಿನ ಕೈಗಾರಿಕಾ ವಸಾಹತು. ಆದರೆ 1791ರಿಂದ 1948ರವರೆಗೆ ಅದು ಆಫ್ರಿಕಾ ಮೂಲದ ಸಿದ್ದಿ ನವಾಬರ ಪುಟ್ಟ ಸಂಸ್ಥಾನವಾಗಿತ್ತು. ಅಹಮದಾಬಾದಿಗೆ ಬಂದ ನೆಂಟರಿಷ್ಟರಿಗೆ ನಾವು ತಪ್ಪದೆ ತೋರಿಸುವ ಕಲ್ಲಿನ ಜಾಲಂಧ್ರದ ಮಸೀದಿಯನ್ನು 1573ರ ಸುಮಾರಿಗೆ ಕಟ್ಟಿಸಿದ ಸಿದಿ ಸೈಯದ್ ಕೂಡ ಅಬಿಸೀನಿಯ ಮೂಲದವನೇ.

ಬಹುಪಾಲು ಸಿದ್ದಿಗಳಿಗೆ ಅರಮನೆಯ ಭಾಗ್ಯ ಇರಲಿಲ್ಲ. ಗುಲಾಮರಾಗಿ, ಸೈನಿಕರಾಗಿ, ನಾವಿಕರಾಗಿ ಕಡಲು ದಾಟಿ ಬಂದವರ ಸಂತತಿಯವರು ಕೂಲಿಯನ್ನೇ ನಂಬಿ ಬದುಕಬೇಕಾಯಿತು. ಗೀರ್ ಅರಣ್ಯದ ಅಂಚಿನಲ್ಲಿರುವ ಜಾಂಬೂರು ಅಂತಹ ಕುಟುಂಬಗಳ ಊರು. ಹೀರಾಬಾಯಿ ಇಬ್ರಾಹಿಂ ಲೋಬಿಯವರು ಅಲ್ಲಿಯವರು.

ಎಳೆಯ ವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡ ಅವರನ್ನು ಸಾಕಿದವರು ಅಜ್ಜಿ. ಶಾಲೆಯ ಓದು ದಕ್ಕದ ಅವರಿಗೆ ಹೊರಜಗತ್ತಿನ ಸುದ್ದಿ ತಂದುಕೊಟ್ಟದ್ದು ರೇಡಿಯೋ. ಬೇಸಾಯ, ಸಾಲಸೌಲಭ್ಯ, ಸರಕಾರದ ಯೋಜನೆಗಳು ಇವನ್ನೆಲ್ಲ ಅವರು ಕೇಳಿಯೇ ತಿಳಿದುಕೊಂಡರು. ಮುಂದೆ ಆಗಾ ಖಾನ್ ಗ್ರಾಮೀಣ ನೆರವು ಕಾರ್ಯಕ್ರಮದ ತರಬೇತಿಯಿಂದ ಸಾವಯವ ಗೊಬ್ಬರ ತಯಾರಿಸುವ ವಿದ್ಯೆ ಕೈಗೆ ಬಂತು.

ಗೊಬ್ಬರವನ್ನೇ ಏಕೆ ಆರಿಸಿಕೊಂಡರು ಎಂದು ನಗರವಾಸಿಗಳಾದ ನಮಗೆ ಅನಿಸಬಹುದು. ಹೊಲವಿಲ್ಲದ ಹೆಂಗಸಿಗೆ ಬೆಳೆ ತೆಗೆಯುವುದು ಸಾಧ್ಯವಿಲ್ಲ. ಗೊಬ್ಬರ ಮಾಡುವುದು ಸಾಧ್ಯ. ಕಸಕಡ್ಡಿ, ಸಗಣಿ, ಸ್ವಲ್ಪ ನೆರಳು, ನೀರು, ತಾಳ್ಮೆ ಇದ್ದರಾಯಿತು, ದೊಡ್ಡ ಬಂಡವಾಳ ಬೇಡ. ಕೊಳ್ಳುವವರು ಅಕ್ಕಪಕ್ಕದ ರೈತರೇ. ನಿನ್ನೆಯವರೆಗೆ ಅದೇ ರೈತರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದವರು ಈಗ ಅವರಿಗೇ ಸರಕು ಮಾರುವವರಾದರು. ಹೀರಾಬಾಯಿಯವರ ಉದ್ಯಮದ ಜಾಣ್ಮೆ ಇರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಸಿದ್ದಿ ಮಹಿಳೆಯರ ಸಂಘವನ್ನು ಕಟ್ಟಿ, ಉಳಿತಾಯದ ಅಭ್ಯಾಸ ಬೆಳೆಸಿ, ತಾಯಂದಿರು ದುಡಿಯಲು ಹೋದಾಗ ಮಕ್ಕಳಿಗೆ ಆಸರೆಯಾಗಲೆಂದು ಬಾಲವಾಡಿಗಳನ್ನು ಅವರು ತೆರೆಸಿದರು. 2006ರಲ್ಲಿ ಗ್ರಾಮೀಣ ಉದ್ಯಮಶೀಲತೆಗಾಗಿ ಜಾನಕೀದೇವಿ ಬಜಾಜ್ ಪುರಸ್ಕಾರ ದೊರೆಯಿತು, 2023ರಲ್ಲಿ ಪದ್ಮಶ್ರೀ. ಆ ವರ್ಷ ಮಾರ್ಚ್ 22ರಂದು ರಾಷ್ಟ್ರಪತಿ ಭವನದಲ್ಲಿ ನಮ್ಮ ಎಸ್. ಎಂ. ಕೃಷ್ಣ ಅವರು ಪದ್ಮವಿಭೂಷಣ ಸ್ವೀಕರಿಸಿದ ಸಮಾರಂಭದಲ್ಲಿಯೇ ಹೀರಾಬಾಯಿಯವರೂ ಪ್ರಶಸ್ತಿ ಪಡೆದರು. ಪ್ರಧಾನಿಯವರ ಮುಂದೆ ನಿಂತು, ಮನೆಯ ಹಿರಿಯಳಂತೆ ಅವರನ್ನು ಹರಸಿಯೇ ಮುಂದೆ ನಡೆದದ್ದನ್ನು ದೂರದರ್ಶನದಲ್ಲಿ ಕಂಡವರು ಮರೆತಿರಲಾರರು.

ಈ ಸಮುದಾಯ ಕನ್ನಡಿಗರಿಗೆ ಹೊಸದೇನಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಿನಂಚಿನಲ್ಲಿ ಸಿದ್ದಿಗಳಿದ್ದಾರೆ. ಇಲ್ಲಿಯವರು ಹೆಚ್ಚಾಗಿ ಮುಸ್ಲಿಮರು, ಗುಜರಾತಿ ಮಾತಿನವರು. ಅಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದು ಕೊಂಕಣಿ, ಕನ್ನಡ ಆಡುತ್ತಾರೆ. ಇಲ್ಲಿ ಧಮಾಲ್, ಅಲ್ಲಿ ಡಮಾಮಿ; ಎರಡಕ್ಕೂ ವಾದ್ಯದ ಗತಿಯೇ ಜೀವ. ಜಾಂಬೂರಿನ ಹೆಂಗಸರಿಗೆ ಗೊಬ್ಬರ ದಾರಿಯಾದಂತೆ, ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳು ಸಮುದ್ರದಾಚೆಯ ಪ್ರದರ್ಶನಗಳನ್ನೂ ಕಂಡಿವೆ. ಆ ಜಿಲ್ಲೆಯವರೇ ಆದ ಶಾಂತಾರಾಮ ಸಿದ್ದಿಯವರು 2020ರಲ್ಲಿ ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿ ಎನಿಸಿದರು. ಸಿದ್ದಿ ಮಹಿಳೆಯೊಬ್ಬರು ಆ ಪೀಠದಲ್ಲಿ ಕೂರುವ ದಿನವನ್ನು ನಾವು ಎದುರು ನೋಡುತ್ತಿದ್ದೇವೆ.

ಇನ್ನು ಕಾನೂನಿನ ಮಾತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರು 2020ರವರೆಗೆ ಕಾಯಬೇಕಾಯಿತು. ಗುಜರಾತಿನ ಪಟ್ಟಿ ಹೆಸರಿಸುವುದು ಅಮ್ರೇಲಿ, ಭಾವನಗರ, ಜಾಮನಗರ, ಜುನಾಗಢ, ರಾಜಕೋಟ ಮತ್ತು ಸುರೇಂದ್ರನಗರ ಜಿಲ್ಲೆಗಳ ಸಿದ್ದಿಗಳನ್ನು ಮಾತ್ರ. ಜಾಂಬೂರು ಹಳೆಯ ಜುನಾಗಢ ಜಿಲ್ಲೆಯದಾದ್ದರಿಂದ (2013ರಿಂದ ಗೀರ್ ಸೋಮನಾಥ) ಹೀರಾಬಾಯಿಯವರ ನೆರೆಹೊರೆಗೆ ಆ ರಕ್ಷಣೆ ಉಂಟು. ಅಹಮದಾಬಾದ್, ವಡೋದರಾ, ಸೂರತ್ ಜಿಲ್ಲೆಗಳ ಸಿದ್ದಿ ಕುಟುಂಬಗಳ ಹೆಸರು ಆ ಪಟ್ಟಿಯಲ್ಲಿಲ್ಲ. ಪೂರ್ವಜರು ಒಬ್ಬರೇ, ಮೈಬಣ್ಣ ಒಂದೇ, ಆದರೂ ಕಾಲೇಜು ಸೇರುವ ಮಗುವಿನ ಅರ್ಜಿಯಲ್ಲಿ ಜಿಲ್ಲೆಯ ಗಡಿ ಅಡ್ಡ ಬರುತ್ತದೆ.

ಜಾಂಬೂರು ತಾಲಾಲಾ ತಾಲೂಕಿನಲ್ಲಿದೆ. ಸೋಮನಾಥ ದರ್ಶನಕ್ಕೋ, ಸಾಸಣಗೀರಿನ ಸಿಂಹಗಳನ್ನು ನೋಡಲೋ ಹೊರಡುವ ನಮ್ಮ ಸದಸ್ಯರ ದಾರಿಯಿಂದ ಅದು ದೂರವೇನಿಲ್ಲ.