ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ವ್ಯಾಸಂಗ: ಅಭ್ಯರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಪೀಠಿಕೆ

ವೃತ್ತಿಪರ ಪದವಿ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಶಾಖೆಯ ಆಯ್ಕೆಯನ್ನು ದಾಖಲಿಸುವ ಮುನ್ನ, ಆ ಶಾಖೆಯಲ್ಲಿ ವಾಸ್ತವವಾಗಿ ಏನನ್ನು ಅಭ್ಯಸಿಸಬೇಕಾಗುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯಕ. ಮನೆಯ ವೈರಿಂಗ್, ಮೋಟಾರು ದುರಸ್ತಿ ಮುಂತಾದ ಕೆಲಸಗಳಲ್ಲಿನ ಆಸಕ್ತಿಯನ್ನಷ್ಟೇ ಆಧರಿಸಿ ಎಲೆಕ್ಟ್ರಿಕಲ್ ಶಾಖೆಯನ್ನು ಆಯ್ಕೆ ಮಾಡಿಕೊಳ್ಳುವುದು ಸೂಕ್ತವಲ್ಲ. ಈ ವ್ಯಾಸಂಗದ ತಳಹದಿ ಗಣಿತವೆಂಬುದನ್ನು ಮೊದಲಿಗೇ ಗಮನಿಸತಕ್ಕದ್ದು.

1. ಅರ್ಹತೆ ಮತ್ತು ಅವಧಿ

ವ್ಯಾಸಂಗದ ಅವಧಿ 4 ವರ್ಷಗಳು, ಅಂದರೆ 8 ಸೆಮಿಸ್ಟರ್‌ಗಳು. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಕಡ್ಡಾಯವಾಗಿ ಅಭ್ಯಸಿಸಿರಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕಗಳು ಮತ್ತು ಪಿಯುಸಿಯ ಅಂಕಗಳನ್ನು ಸಮಪ್ರಮಾಣದಲ್ಲಿ ಪರಿಗಣಿಸಿ ರ‍್ಯಾಂಕ್ ನೀಡಲಾಗುತ್ತದೆ. ಡಿಪ್ಲೊಮಾ ಪಡೆದವರು ಡಿಸಿಇಟಿ ಮೂಲಕ ನೇರವಾಗಿ 3ನೇ ಸೆಮಿಸ್ಟರ್‌ಗೆ ಪ್ರವೇಶ ಪಡೆಯಬಹುದು.

2. ಶಾಖೆಯ ವ್ಯಾಪ್ತಿ

ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಶಾಖೆಯು ವಿದ್ಯುತ್ತಿನ ಉತ್ಪಾದನೆ, ಪ್ರಸರಣ, ವಿತರಣೆ, ಯಂತ್ರಗಳು ಮತ್ತು ಅವುಗಳ ನಿಯಂತ್ರಣಕ್ಕೆ ಸಂಬಂಧಿಸಿದೆ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಶಾಖೆಯು ಮುಖ್ಯವಾಗಿ ಸಂಕೇತಗಳು ಹಾಗೂ ಸಂಪರ್ಕ ತಂತ್ರಜ್ಞಾನಕ್ಕೆ ಸಂಬಂಧಿಸಿದ್ದು, ಇವೆರಡೂ ಒಂದೇ ಅಲ್ಲ.

ನಮ್ಮ ರಾಜ್ಯದ ಒಂದು ಉದಾಹರಣೆಯನ್ನು ಗಮನಿಸಬಹುದು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ಜಲವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. ಇಷ್ಟು ದೂರಕ್ಕೆ ವಿದ್ಯುತ್ ಸಾಗಿಸಲು ವೋಲ್ಟೇಜನ್ನು ಹೆಚ್ಚಿಸುವುದೇಕೆ? ಅಷ್ಟೇ ಪ್ರಮಾಣದ ವಿದ್ಯುತ್ತನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಸಾಗಿಸಿದಲ್ಲಿ ತಂತಿಯಲ್ಲಿನ ಪ್ರವಾಹವು ಅರ್ಧಕ್ಕೆ ಇಳಿದು, ಶಾಖವಾಗಿ ನಷ್ಟವಾಗುವ ಶಕ್ತಿಯು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಂತಹ ಕಾರಣಗಳನ್ನು ಲೆಕ್ಕದ ಮೂಲಕ ಸಾಧಿಸಿ ತೋರಿಸುವುದೇ ಈ ವ್ಯಾಸಂಗದ ತಿರುಳು.

3. ಗಣಿತದ ಪಾತ್ರ

ಮನೆಗೆ ಬರುವ 230 ವೋಲ್ಟ್ ಎಂಬುದು ಪರಿಣಾಮಕಾರಿ ಮೌಲ್ಯವಾಗಿದ್ದು, ವೋಲ್ಟೇಜು ಪ್ರತಿ ಸೆಕೆಂಡಿಗೆ 50 ಆವರ್ತಗಳಂತೆ ಏರಿಳಿಯುತ್ತ ಸುಮಾರು 325 ವೋಲ್ಟ್‌ವರೆಗೆ ತಲುಪುತ್ತದೆ. ಸುರುಳಿ ಅಥವಾ ಕೆಪಾಸಿಟರ್ ಇರುವ ಮಂಡಲದಲ್ಲಿ ವೋಲ್ಟೇಜು ಮತ್ತು ಪ್ರವಾಹ ಏಕಕಾಲದಲ್ಲಿ ಶಿಖರ ತಲುಪುವುದಿಲ್ಲ. ಈ ಅಂತರವನ್ನು ಲೆಕ್ಕ ಹಾಕಲು ಸಂಮಿಶ್ರ ಸಂಖ್ಯೆಗಳು ಬೇಕಾಗುತ್ತವೆ. 'ಐ' ಅಕ್ಷರವು ಪ್ರವಾಹಕ್ಕೆ ಮೀಸಲಾಗಿರುವುದರಿಂದ ಇಲ್ಲಿ ಕಾಲ್ಪನಿಕ ಘಟಕಕ್ಕೆ 'ಜೆ' ಎಂದು ಬರೆಯುವುದು ರೂಢಿ. ಮುಂದೆ ಅವಕಲ ಸಮೀಕರಣಗಳು, ಲಾಪ್ಲಾಸ್ ಮತ್ತು ಫೂರಿಯೆ ಪರಿವರ್ತನೆಗಳನ್ನು ಕಂಟ್ರೋಲ್ ಸಿಸ್ಟಮ್ಸ್ ಮುಂತಾದ ವಿಷಯಗಳಲ್ಲಿ ನಿತ್ಯ ಬಳಸಬೇಕಾಗುತ್ತದೆ. ಮೊದಲ ವರ್ಷದ ಗಣಿತವನ್ನು ಕಂಠಪಾಠದಿಂದ ದಾಟಿದವರಿಗೆ ಎರಡನೇ ವರ್ಷದಲ್ಲಿ ಕಷ್ಟವಾಗುವುದು ಸಾಮಾನ್ಯ.

4. ಪ್ರಯೋಗಾಲಯ

ಪರಿವರ್ತಕಗಳು, ಮೋಟಾರುಗಳು ಹಾಗೂ ಜನರೇಟರುಗಳ ಮೇಲೆ ವಿದ್ಯಾರ್ಥಿಗಳೇ ಪ್ರಯೋಗ ನಡೆಸಬೇಕು. ಸ್ಥಿರವಾಗಿರುವ ಡಿಸಿ ಮೋಟಾರಿನಲ್ಲಿ ಪ್ರತಿರೋಧಿ ವೋಲ್ಟೇಜು ಇರುವುದಿಲ್ಲವಾದ್ದರಿಂದ, ಸ್ಟಾರ್ಟರ್ ಇಲ್ಲದೆ ಚಾಲನೆ ನೀಡಿದಲ್ಲಿ ಅಪಾಯಕಾರಿ ಪ್ರಮಾಣದ ಪ್ರವಾಹ ಹರಿಯುತ್ತದೆ. ಸ್ವಿಚ್ ಆರಿಸಿದ ನಂತರವೂ ಕೆಪಾಸಿಟರಿನಲ್ಲಿ ವಿದ್ಯುದಂಶ ಉಳಿದಿರಬಹುದು. ಆದ್ದರಿಂದ ಜೋಡಣೆಯನ್ನು ಬೋಧಕರು ಪರಿಶೀಲಿಸುವ ಮುನ್ನ ವಿದ್ಯುತ್ ಸಂಪರ್ಕ ನೀಡಬಾರದು. ಇದು ಕೇವಲ ಶಿಸ್ತಿನ ವಿಷಯವಲ್ಲ, ಜೀವರಕ್ಷಣೆಯ ವಿಷಯ.

5. ಮೌಲ್ಯಮಾಪನ

1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದನ್ವಯ ಸಾಮಾನ್ಯವಾಗಿ ಪ್ರತಿ ಲಿಖಿತ ವಿಷಯಕ್ಕೆ ನಿರಂತರ ಆಂತರಿಕ ಮೌಲ್ಯಮಾಪನ 50 ಮತ್ತು ಸೆಮಿಸ್ಟರ್ ಅಂತ್ಯದ ಪರೀಕ್ಷೆ 50 ಅಂಕಗಳಿಗೆ ಇರುತ್ತದೆ. ಆಂತರಿಕದಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18 ಮತ್ತು ಒಟ್ಟು 40 ಅಂಕ ಗಳಿಸಬೇಕು. ಹಾಜರಾತಿ ಶೇ. 85 ಇರಬೇಕು. ಸ್ವಾಯತ್ತ ಕಾಲೇಜುಗಳ ನಿಯಮಗಳು ಭಿನ್ನವಾಗಿರಬಹುದು.

6. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ಗಮನಕ್ಕೆ

ಬೋಧನೆ ಮತ್ತು ಪಠ್ಯಪುಸ್ತಕಗಳು ಬಹುತೇಕ ಇಂಗ್ಲಿಷಿನಲ್ಲಿರುವುದರಿಂದ ಮೊದಲ ಕೆಲವು ತಿಂಗಳು ಪಾಠ ಹಿಂದೆ ಬಿದ್ದಂತೆ ತೋರಬಹುದು. ಇದನ್ನು ಬುದ್ಧಿಶಕ್ತಿಯ ಕೊರತೆಯೆಂದು ವಿದ್ಯಾರ್ಥಿಗಳಾಗಲಿ ಪೋಷಕರಾಗಲಿ ಭಾವಿಸಬಾರದು. ಮಂಡಲದ ಚಿತ್ರ ಮತ್ತು ಸಮೀಕರಣಗಳಿಗೆ ಭಾಷೆಯ ತೊಡಕಿಲ್ಲ. ಪ್ರತಿದಿನ ಕೆಲವು ಲೆಕ್ಕಗಳನ್ನು ಸ್ವತಃ ಬಿಡಿಸಿ, ಪಾರಿಭಾಷಿಕ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದಿಟ್ಟುಕೊಳ್ಳುವುದು ಉಪಯುಕ್ತ. ಅನುತ್ತೀರ್ಣವಾದ ವಿಷಯಗಳನ್ನು ಮುಂದಕ್ಕೆ ಉಳಿಸಿಕೊಳ್ಳದಿರುವುದು ಒಳಿತು. ಒಂದು ವಿಷಯದ ಮೇಲೆ ಇನ್ನೊಂದು ನಿಂತಿರುತ್ತದೆ.

7. ಪದವಿಯ ನಂತರ

ವಿದ್ಯುತ್ ಪ್ರಸರಣ ನಿಗಮ ಹಾಗೂ ವಿದ್ಯುತ್ ಸರಬರಾಜು ಕಂಪನಿಗಳ ಸಹಾಯಕ ಎಂಜಿನಿಯರ್ ಹುದ್ದೆಗಳು, ಕೈಗಾರಿಕೆಗಳು, ಸೌರ ಮತ್ತು ಪವನ ವಿದ್ಯುತ್ ಘಟಕಗಳು, ವಿದ್ಯುತ್ ವಾಹನ ಕ್ಷೇತ್ರ ಇತ್ಯಾದಿಗಳಲ್ಲಿ ಅವಕಾಶಗಳಿವೆ. ಉನ್ನತ ವ್ಯಾಸಂಗಕ್ಕೆ ಗೇಟ್ ಪರೀಕ್ಷೆ ಬರೆಯಬಹುದು.

ವಿಶೇಷ ಸೂಚನೆ: ಪದವಿ ಪ್ರಮಾಣಪತ್ರವು ವಿದ್ಯುತ್ ಗುತ್ತಿಗೆದಾರರ ಪರವಾನಗಿಯೂ ಅಲ್ಲ, ಮೇಲ್ವಿಚಾರಕರ ಅನುಮತಿಪತ್ರವೂ ಅಲ್ಲ. ಅವುಗಳನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಿ ಪಡೆಯತಕ್ಕದ್ದು. ಅಭ್ಯರ್ಥಿಗಳು ಮೇಲ್ಕಂಡ ಅಂಶಗಳನ್ನು ಪರಿಶೀಲಿಸಿ, ಆಯಾ ವರ್ಷದ ಅಧಿಕೃತ ಅಧಿಸೂಚನೆಯನ್ನು ಓದಿಕೊಂಡು ತಮ್ಮ ಆಯ್ಕೆಯನ್ನು ದಾಖಲಿಸಲು ಕೋರಲಾಗಿದೆ.