ಲಿವರ್‌ನ ಕೊಬ್ಬು ಮತ್ತು ಅಲ್ಟ್ರಾಸೌಂಡ್: ಒಂದು ಚಾರಿತ್ರಿಕ ನೋಟ



ಉರ್ದುವಿನಲ್ಲಿ ‘ಜಿಗರ್’ ಎಂದರೆ ಪಿತ್ತಜನಕಾಂಗ. ಧೈರ್ಯವೂ ಹೌದು, ಪ್ರೀತಿಯೂ ಹೌದು. ಮುದ್ದಿನ ಮಗುವನ್ನು ‘ಜಿಗರ್ ಕಾ ಟುಕ್ಡಾ’ ಎನ್ನುತ್ತೇವೆ. ಆದರೆ ಈ ಜಿಗರ್‌ನಲ್ಲಿ ಕೊಬ್ಬು ಸೇರಿದೆ ಎಂದು ಸ್ಕ್ಯಾನಿಂಗ್ ರಿಪೋರ್ಟ್ ಬಂದರೆ, ಅದನ್ನು ಮನೆಯವರಿಗೂ ತೋರಿಸದೆ ಬೀರುವಿನಲ್ಲಿ ಮುಚ್ಚಿಡುವವರು ನಮ್ಮಲ್ಲಿದ್ದಾರೆ. ಲಿವರ್ ಕಾಯಿಲೆ ಎಂದರೆ ಕುಡುಕರ ಕಾಯಿಲೆ ಎಂಬ ಭಾವನೆಯೇ ಇದಕ್ಕೆ ಕಾರಣ. ಮದ್ಯವನ್ನು ಹರಾಮ್ ಎಂದು ನಂಬಿದ ಸಮಾಜದಲ್ಲಿ ಇಂಥ ಅನುಮಾನಕ್ಕೆ ಯಾರು ತಾನೇ ಹೆದರುವುದಿಲ್ಲ? ಈ ಭಯ ಎಷ್ಟು ಸರಿ ಎಂಬುದನ್ನು ಇತಿಹಾಸದಿಂದಲೇ ತಿಳಿಯೋಣ.

1880ರಲ್ಲಿ ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಆತನ ಅಣ್ಣ ಜಾಕ್ ಕ್ಯೂರಿ, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಕಂಡುಹಿಡಿದರು. ವಿದ್ಯುತ್ ಹಾಯಿಸಿದರೆ ಅದೇ ಹರಳು ಕಂಪಿಸಿ, ಕಿವಿಗೆ ಕೇಳದ ಶಬ್ದವನ್ನು ಹೊರಡಿಸಬಲ್ಲದು. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಿನ್ ಇದನ್ನು ಜಲಾಂತರ್ಗಾಮಿಗಳ ಪತ್ತೆಗೆ ಬಳಸಲು ಯತ್ನಿಸಿದರು. 1958ರಲ್ಲಿ ಗ್ಲಾಸ್ಗೋ ನಗರದ ಡಾ. ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯೊಳಗಿನ ಗೆಡ್ಡೆ ಮತ್ತು ಭ್ರೂಣದ ಶಬ್ದಚಿತ್ರಗಳನ್ನು ಪ್ರಕಟಿಸಿದರು. ಯುದ್ಧಕ್ಕೆ ಹುಟ್ಟಿದ ವಿದ್ಯೆ ಹೀಗೆ ತಾಯಂದಿರ ಸೇವೆಗೆ ಬಂತು.

ಲಿವರ್‌ನಲ್ಲಿ ಕೊಬ್ಬಿನ ಕಣಗಳು ಹೆಚ್ಚಿದರೆ ಶಬ್ದದ ಅಲೆಗಳು ಹೆಚ್ಚಾಗಿ ಚದುರಿ ಮರಳುತ್ತವೆ. ಆಗ ಪರದೆಯಲ್ಲಿ ಲಿವರ್ ಪಕ್ಕದ ಮೂತ್ರಪಿಂಡಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. 1979ರಲ್ಲಿ ಬ್ರಿಟನ್ನಿನ ವೈದ್ಯರು ಇದನ್ನು ‘ಹೊಳೆಯುವ ಲಿವರ್’ ಎಂದೇ ಕರೆದರು. ರಿಪೋರ್ಟಿನಲ್ಲಿ ಬರುವ ಗ್ರೇಡ್ 1, 2, 3 ಎಂಬುದು ಈ ಹೊಳಪನ್ನು ಕಣ್ಣಿನಿಂದ ಅಂದಾಜಿಸಿದ ಲೆಕ್ಕ. ಅಲ್ಪಸ್ವಲ್ಪ ಕೊಬ್ಬು ಇದರಲ್ಲಿ ತಪ್ಪಿಹೋಗಬಹುದು. 2003ರಲ್ಲಿ ಫ್ರಾನ್ಸಿನಿಂದ ಬಂದ ಫೈಬ್ರೋಸ್ಕ್ಯಾನ್ ಯಂತ್ರ ಲಿವರ್‌ನ ಗಡಸುತನವನ್ನು ಅಳೆಯಿತು. 2010ರ ಹೊತ್ತಿಗೆ ಕೊಬ್ಬನ್ನೂ ಅಂಕಿಯಲ್ಲಿ ಹೇಳುವ ವಿಧಾನ ಅದಕ್ಕೆ ಸೇರಿತು.

ಈಗ ಮುಖ್ಯ ಮಾತಿಗೆ ಬರೋಣ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ವಿವರ ಪ್ರಕಟಿಸಿದರು. ಅವರ ಲಿವರ್ ಕುಡುಕರ ಲಿವರ್‌ನಂತೆಯೇ ಇತ್ತು. ಆದರೆ ಅವರು ಕುಡಿತದ ಚಟದವರಲ್ಲ! ಅವರಲ್ಲಿ ಹೆಚ್ಚಿನವರು ಸ್ಥೂಲಕಾಯರು, ಹೆಂಗಸರೇ ಜಾಸ್ತಿ. ಸಕ್ಕರೆ ಕಾಯಿಲೆ, ಬೊಜ್ಜುಗಳೂ ಲಿವರನ್ನು ಕೆಡಿಸುತ್ತವೆ ಎಂಬ ಸತ್ಯ ಹೀಗೆ ಬಲಗೊಂಡಿತು. 2023ರಲ್ಲಿ ತಜ್ಞರು ಕಾಯಿಲೆಯ ಹೆಸರಿನಿಂದ ‘ಮದ್ಯ’ ಎಂಬ ಪದವನ್ನೇ ಕೈಬಿಟ್ಟು, ದೇಹದ ಚಯಾಪಚಯಕ್ಕೆ ಸಂಬಂಧಿಸಿದ ಹೆಸರಿಟ್ಟರು. ಭಾರತ ಸರ್ಕಾರವೂ 2021ರಲ್ಲಿ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಆದ್ದರಿಂದ ನೆನಪಿಡಿ: ಸ್ಕ್ಯಾನಿಂಗ್ ಕೊಬ್ಬನ್ನು ತೋರಿಸುತ್ತದೆ, ಅದು ಬಂದ ದಾರಿಯನ್ನು ತೋರಿಸುವುದಿಲ್ಲ. ರಿಪೋರ್ಟ್ ನೋಡಿ ಯಾರ ಮೇಲೂ ಬದ್‌ಗುಮಾನಿ ಪಡಬೇಡಿ. ಅದನ್ನು ಮುಚ್ಚಿಡಲೂ ಬೇಡಿ. ಈ ಕಾಯಿಲೆ ನೋವಿಲ್ಲದೆ ಬೆಳೆಯುತ್ತದೆ. ನಮ್ಮ ಯಳಂದೂರಿನವರಿಗೆ ದೂರವೇನಲ್ಲದ ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ವೈದ್ಯರ ಸಲಹೆ ಪಡೆಯಿರಿ. ಹೆಚ್ಚು ತೂಕವಿರುವವರು ನೂರಕ್ಕೆ 5ರಷ್ಟು ಇಳಿಸಿದರೂ ಲಿವರ್‌ನ ಕೊಬ್ಬು ತಗ್ಗುತ್ತದೆ. ಫಜರ್ ನಮಾಜಿನ ನಂತರ ಸುವರ್ಣಾವತಿ ಹೊಳೆಯ ಕಡೆಗೆ ದಿನವೂ ನಡೆದು ಬನ್ನಿ, ಶರಬತ್ತು ಸಮೋಸಗಳಿಗೆ ಮಿತಿಯಿರಲಿ. ದೇಹ ಅಲ್ಲಾಹನು ಕೊಟ್ಟ ಅಮಾನತ್ತು. ಅದನ್ನು ಕಾಪಾಡುವುದು ನಮ್ಮ ಹೊಣೆ.